ಪೈನ್ ಸಸಿಯ ತುದಿಯಲ್ಲಿದ್ದ ಬೀಜದ ಟೋಪಿ ಕಿತ್ತ ಮೇಲೆ ಬೆಳವಣಿಗೆ ನಿಂತಿದೆ

ಪ್ರಶ್ನೆ:
ಪೈನ್ ಬೀಜಗಳನ್ನು ಒದ್ದೆ ಮರಳಿನಲ್ಲಿ ಒಂದು ತಿಂಗಳು ಫ್ರಿಜ್‌ನಲ್ಲಿಟ್ಟು ಆಮೇಲೆ ಬಿತ್ತಿದೆ. 12 ಮೊಳೆತವು. ಎಲ್ಲದರ ತುದಿಯಲ್ಲೂ ಬೀಜ ಟೋಪಿಯಂತೆ ಕೂತಿತ್ತು. ಭಾರ ಆಗುತ್ತೇನೋ ಅಂತ 5 ಸಸಿಗಳಿಂದ ಕಿತ್ತುಬಿಟ್ಟೆ. ಹತ್ತು ದಿನವಾಯ್ತು, ಆ ಐದೂ ಕುಳ್ಳಗೆ, ತಿಳಿಹಳದಿಯಾಗಿ ನಿಂತಿವೆ. ಉಳಿದ 7 ಚೆನ್ನಾಗಿವೆ. ಗೊಬ್ಬರ ಹಾಕಲಾ?

ಉತ್ತರ:
ಕಿತ್ತಾಗ ಸಿಪ್ಪೆಯೊಳಗೆ ಬಿಳಿ ತಿರುಳು ಇತ್ತಾ?

ಪ್ರಶ್ನೆ:
ಹೌದು, ಮೆತ್ತಗೆ, ದಪ್ಪಗೆ ಇತ್ತು.

ಉತ್ತರ:
ಅದೇ ಸಸಿಯ ಬುತ್ತಿ. ಬಟಾಣಿಯಲ್ಲಿ ಆಹಾರ ಬೀಜದೆಲೆಯೊಳಗೇ ಇರುತ್ತದೆ. ಪೈನ್‌ನಲ್ಲಿ ಹಾಗಲ್ಲ. ಭ್ರೂಣದ ಸುತ್ತ ಇರುವ, ತಾಯಿಮರದಿಂದಲೇ ಬಂದ ಆ ತಿರುಳಿನಲ್ಲಿ ಎಣ್ಣೆ ಮತ್ತು ಪ್ರೋಟೀನ್ ತುಂಬಿರುತ್ತದೆ. ಅದರ ಹೆಸರು ಮೆಗಾಗ್ಯಾಮೆಟೊಫೈಟ್.

ಬೇರು ಹೊರಬಂದ ಮೇಲೆ ಈ ಪ್ರೋಟೀನ್ ಜೋರಾಗಿ ಒಡೆದು ಅಮೈನೋ ಆಮ್ಲಗಳಾಗುತ್ತದೆ. ತಿರುಳಿನೊಳಗೆ ಸಿಕ್ಕಿಕೊಂಡಿರುವ ಬೀಜದೆಲೆಗಳು ಅವನ್ನು ಹೀರಿಕೊಳ್ಳುತ್ತವೆ. ಈ ಅಮೈನೋ ಆಮ್ಲಗಳಲ್ಲಿ ಆರ್ಜಿನೈನ್ ಎಂಬುದು ಜಾಸ್ತಿ. ಅದರ ಒಂದು ಅಣುವಿನಲ್ಲಿ 4 ಸಾರಜನಕ ಪರಮಾಣು ಇರುತ್ತವೆ, ಸಣ್ಣ ಜಾಗದಲ್ಲಿ ದೊಡ್ಡ ಗಂಟು! ಸಸಿಯೊಳಗೆ ಆರ್ಜಿನೇಸ್ ಎಂಬ ಕಿಣ್ವ ಅದನ್ನು ಆರ್ನಿಥೈನ್ ಮತ್ತು ಯೂರಿಯಾ ಮಾಡುತ್ತದೆ. ಆ ಯೂರಿಯಾವನ್ನು ಯೂರಿಯೇಸ್ ಎಂಬ ಇನ್ನೊಂದು ಕಿಣ್ವ ಅಮೋನಿಯ ಮಾಡುತ್ತದೆ. ಹೊಸ ಪ್ರೋಟೀನ್‌ಗೆ, ಹಸಿರಿಗೆ ಬೇಕಾದ ಸಾರಜನಕ ಹೀಗೆ ಸಿಗುತ್ತದೆ. ನೀವು ಕಿತ್ತದ್ದು ಸಿಪ್ಪೆಯನ್ನಷ್ಟೇ ಅಲ್ಲ. ಅದಕ್ಕೇ ಹಳದಿ.

ಪೂರ್ತಿ ಪ್ರಮಾಣದ ಗೊಬ್ಬರ ಬೇಡ, ಎಳೆ ಬೇರು ಸುಟ್ಟುಹೋಗುತ್ತದೆ. ಪೊಟ್ಟಣದಲ್ಲಿ ಹೇಳಿದ ಪ್ರಮಾಣದ ಕಾಲು ಭಾಗವನ್ನಷ್ಟೇ ನೀರಿಗೆ ಬೆರೆಸಿ, ವಾರಕ್ಕೊಮ್ಮೆ ಸ್ವಲ್ಪ ಕೊಡಿ. ಬೆಳಕು ಚೆನ್ನಾಗಿರಲಿ. ಬೀಜದೆಲೆಗಳಲ್ಲಿ ಉಳಿದಿರುವ ಹಸಿರೇ ಈಗ ಅವುಗಳ ಆಸರೆ. ಮಣ್ಣು ಕೆಸರಾಗದಂತೆ ನೋಡಿಕೊಳ್ಳಿ, ಬುಡ ಕೊಳೆತರೆ ಸಸಿ ಹೋಯ್ತು.

ಪ್ರಶ್ನೆ:
ಉಳಿದ ಏಳರ ಟೋಪಿ ತಾನಾಗೇ ಬೀಳುತ್ತದಾ?

ಉತ್ತರ:
ಬೀಳುತ್ತದೆ. ಆಹಾರ ಮುಗಿದ ಹಾಗೆ ತಿರುಳು ಸೊರಗಿ ತೆಳು ಪೊರೆಯಾಗುತ್ತದೆ, ಬೀಜದೆಲೆಗಳು ಅರಳುತ್ತಾ ಸಿಪ್ಪೆಯನ್ನು ತಳ್ಳುತ್ತವೆ. ಒಣಗಿ ಬಿಗಿದಿದ್ದರೆ ನೀರು ಸಿಂಪಡಿಸಿ ಸಾಕು. ದಯವಿಟ್ಟು ಎಳೆಯಬೇಡಿ.

ಪ್ರಶ್ನೆ (ಮೂರು ವಾರದ ನಂತರ):
ಏಳರ ಟೋಪಿಯೂ ಬಿದ್ದಿದೆ. ಕಿತ್ತ ಐದರಲ್ಲಿ ಎರಡು ಹೋದವು, ಮೂರಕ್ಕೆ ನಡುವಿನಿಂದ ಹೊಸ ಸೂಜಿ ಎಲೆ ಬರ್ತಿದೆ. ತುಂಬಾ ಥ್ಯಾಂಕ್ಸ್.