40 ದಾಟಿದವರು ಭಾರ ಎತ್ತಬಾರದೇ? ಮನೆಯವರ ಗುಂಪಿನಲ್ಲಿ ನಡೆದ ವಾದ

ಬದಿಯಡ್ಕ ಭಾವ: ಗೆಳೆಯರೊಬ್ಬರು ಕಳುಹಿಸಿದ ಚಿತ್ರ, ಅದರಲ್ಲಿ ಬರೆದದ್ದನ್ನು ಹೆಂಗಸರೆಲ್ಲರೂ ಓದಿ. ‘40 ದಾಟಿದ ಮಹಿಳೆಯರು ಭಾರ ಎತ್ತಬಾರದು. ಮೂಳೆ ಸವೆಯುತ್ತದೆ, ಗರ್ಭಕೋಶ ಜಾರುತ್ತದೆ. ದಿನಕ್ಕೆ ಅರ್ಧ ಗಂಟೆ ನಡಿಗೆ ಸಾಕು.’

ಪೆರ್ಲ ಚಿಕ್ಕಮ್ಮ: ಸರಿಯಾದ ಮಾತು. ನಾನು ದಿನಾ ಬೆಳಿಗ್ಗೆ ದೇವಸ್ಥಾನದವರೆಗೆ ನಡೆದು ಬರುತ್ತೇನೆ.

ಕುಂಬಳೆ ಅಕ್ಕ: ಚಿಕ್ಕಮ್ಮ, ಆ ನಡಿಗೆಯನ್ನು ಬಿಡಬೇಡಿ. ಆದರೆ ಭಾವ, ಅದೊಂದೇ ಸಾಕು ಎನ್ನುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಎರಡನ್ನೂ ಹೇಳಿದೆ. ವಾರಕ್ಕೆ 150ರಿಂದ 300 ನಿಮಿಷ, ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸಿನ ನಡಿಗೆ. ಜೊತೆಗೆ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಮೂಳೆಯ ವಿಷಯವನ್ನಂತೂ ಈ ಚಿತ್ರ ತಲೆಕೆಳಗು ಮಾಡಿದೆ. ಋತುಬಂಧದ ಹೊತ್ತಿಗೆ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿದು ಮೂಳೆ ಬೇಗನೆ ಸವೆಯುತ್ತದೆ. ಅದನ್ನು ತಡೆಯಲು ಮೂಳೆಯ ಮೇಲೆ ಭಾರ ಬೀಳಬೇಕು. ಆಸ್ಟ್ರೇಲಿಯಾದಲ್ಲಿ ಋತುಬಂಧ ಕಳೆದ, ಮೂಳೆ ಸಾಂದ್ರತೆ ಕಡಿಮೆಯಿದ್ದ ಹೆಂಗಸರಿಗೆ ತರಬೇತುದಾರರ ಕಣ್ಣೆದುರಿನಲ್ಲೇ ವಾರಕ್ಕೆ 2 ಸಲ, ಅರ್ಧರ್ಧ ಗಂಟೆ ಭಾರ ಎತ್ತಿಸಿದರು. 8 ತಿಂಗಳಲ್ಲಿ ಸೊಂಟದ ಭಾಗದ ಬೆನ್ನುಮೂಳೆಯ ಸಾಂದ್ರತೆ ಹೆಚ್ಚಿತು. ಮನೆಯಲ್ಲೇ ಹಗುರ ವ್ಯಾಯಾಮ ಮಾಡಿದವರಲ್ಲಿ ಇಳಿಯಿತು. 2018ರಲ್ಲಿ ಪ್ರಕಟವಾದ ಅಧ್ಯಯನ ಇದು.

ಬದಿಯಡ್ಕ ಭಾವ: ನಮ್ಮ ಅಜ್ಜಿ ಯಾವ ಜಿಮ್ಮಿಗೆ ಹೋಗಿದ್ದಳು?

ಕುಂಬಳೆ ಅಕ್ಕ: ಬಾವಿಯಿಂದ ನೀರು ಸೇದುತ್ತಿದ್ದಳು, ದೋಸೆಯ ಹಿಟ್ಟನ್ನು ಕಲ್ಲಿನಲ್ಲಿ ಅರೆಯುತ್ತಿದ್ದಳು, ಗುಡ್ಡದಿಂದ ಸೊಪ್ಪಿನ ಹೊರೆ ಹೊತ್ತು ತರುತ್ತಿದ್ದಳು. ಬಲದ ಕೆಲಸವೂ ಉಸಿರಿನ ಕೆಲಸವೂ ಅವಳಿಗೆ ಒಟ್ಟಿಗೇ ಆಗುತ್ತಿತ್ತು.

ಬದಿಯಡ್ಕ ಭಾವ: ಹಾಗಾದರೆ ಅವಳ ಬೆನ್ನು ಗೂನಾದದ್ದೇಕೆ? ಭಾರ ಹೊತ್ತೇ ಅಲ್ಲವೇ?

ಕುಂಬಳೆ ಅಕ್ಕ: ಹಾಗೆಂದು ಹೇಳಲು ನಮ್ಮ ಬಳಿ ಏನೂ ಇಲ್ಲ. ವಯಸ್ಸಾದ ಹೆಂಗಸರಲ್ಲಿ ಮೂಳೆ ಟೊಳ್ಳಾಗಿ, ಬೆನ್ನುಮೂಳೆ ಒಳಗೊಳಗೇ ಕುಸಿದು ಗೂನಾಗುವುದು ಸಾಮಾನ್ಯ. ಅಜ್ಜಿಯ ಮೂಳೆಯನ್ನು ಯಾರೂ ಪರೀಕ್ಷೆ ಮಾಡಿಸಲೇ ಇಲ್ಲ. ಅದು ನನಗೆ ಇಂದಿಗೂ ಸಂಕಟ.

ನೀರ್ಚಾಲು ಅತ್ತಿಗೆ: ನಮಗೆ ಹಟ್ಟಿ, ತೋಟ, ಅಂಗಳ ತುಂಬ ಅಡಿಕೆ. ಇನ್ನೂ ವ್ಯಾಯಾಮವೇ? ಸಮಯ ಎಲ್ಲಿದೆ?

ಕುಂಬಳೆ ಅಕ್ಕ: ಅತ್ತಿಗೆ, ಹುಲ್ಲಿನ ಹೊರೆ ಹೊರುವುದು ನಿಜವಾಗಿಯೂ ಬಲದ ಕೆಲಸ. ಅಡಿಕೆ ಸುಲಿಯುತ್ತ ಮೂರು ಗಂಟೆ ಕುಳಿತರೆ ಮಾತ್ರ ಬೆರಳು ದುಡಿಯುತ್ತದೆ, ತೊಡೆ ದುಡಿಯುವುದಿಲ್ಲ. ನಿಮಗೆ ಸಕ್ಕರೆ ಕಾಯಿಲೆ ಇರುವುದರಿಂದ ಇದನ್ನೂ ಕೇಳಿ. ಅಮೆರಿಕದ ಲೂಸಿಯಾನಾದಲ್ಲಿ ಟೈಪ್ 2 ಮಧುಮೇಹವಿದ್ದ 262 ಮಂದಿಯನ್ನು 9 ತಿಂಗಳು ಗಮನಿಸಿದರು. ಹೆಚ್ಚಿನವರು ಹೆಂಗಸರೇ. ಕೆಲವರಿಗೆ ನಡಿಗೆ ಮಾತ್ರ, ಕೆಲವರಿಗೆ ಭಾರ ಮಾತ್ರ, ಇನ್ನು ಕೆಲವರಿಗೆ ಎರಡೂ ಸ್ವಲ್ಪ ಸ್ವಲ್ಪ. ವ್ಯಾಯಾಮ ಮಾಡದವರಿಗೆ ಹೋಲಿಸಿದರೆ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆಯ ಅಂಕಿ, ಸ್ಪಷ್ಟವಾಗಿ ಇಳಿದದ್ದು ಎರಡನ್ನೂ ಮಾಡಿದವರಿಗೆ ಮಾತ್ರ. ವ್ಯಾಯಾಮದ ಮೂರೂ ಗುಂಪಿಗೆ ಹಿಡಿದ ಹೊತ್ತು ಹೆಚ್ಚುಕಡಿಮೆ ಒಂದೇ. ಹೊಸದಾಗಿ ಸಮಯ ಹುಡುಕಬೇಕಿಲ್ಲ, ಇರುವುದನ್ನೇ ಹಂಚಿಕೊಂಡರಾಯಿತು.

ಮುಳ್ಳೇರಿಯ ಅತ್ತೆ: ಮೊಣಕಾಲು ನೋವಿನವರು ಏನು ಮಾಡಬೇಕು ಮಗಳೇ?

ಕುಂಬಳೆ ಅಕ್ಕ: ಅತ್ತೆ, ಮೊದಲು ವೈದ್ಯರಿಗೆ ತೋರಿಸಿ. ಅವರು ಒಪ್ಪಿದರೆ ಎತ್ತರದ ಕುರ್ಚಿಯಿಂದ, ಕೈ ಊರದೆ ಎದ್ದು ನಿಧಾನ ಕುಳಿತುಕೊಳ್ಳಿ. ಗೋಡೆಗೆ ಅಂಗೈ ಊರಿ ಮೈಯನ್ನು ಹಿಂದಕ್ಕೆ ತಳ್ಳಿ. ಇವು ರೂಢಿಯಾದ ಮೇಲೆ ಕೈಚೀಲದಲ್ಲಿ ಎರಡು ತೆಂಗಿನಕಾಯಿ ಹಾಕಿ ಎತ್ತಿ. 8ರಿಂದ 12 ಸಲ ಎತ್ತುವಾಗ ಕೊನೆಯ ಒಂದೆರಡು ಕಷ್ಟವೆನಿಸಬೇಕು. ಸುಲಭವಾದ ದಿನ ಮೂರನೆಯ ಕಾಯಿ ಹಾಕಿ. ಎತ್ತುವಾಗ ಉಸಿರು ಬಿಡಿ, ಬಿಗಿ ಹಿಡಿಯಬೇಡಿ.

ಬದಿಯಡ್ಕ ಭಾವ: ಗರ್ಭಕೋಶದ ವಿಷಯದಲ್ಲಿ ನಾನು ಇನ್ನೂ ಒಪ್ಪಿಲ್ಲ.

ಕುಂಬಳೆ ಅಕ್ಕ: ಈಗಾಗಲೇ ಜಾರಿರುವವರು ಸ್ತ್ರೀರೋಗ ವೈದ್ಯರನ್ನು ಕೇಳದೆ ಭಾರ ಎತ್ತಬಾರದು, ಅಷ್ಟು ನಿಮ್ಮ ಮಾತು ಸರಿ. ಅದನ್ನು ಎಲ್ಲ ಹೆಂಗಸರಿಗೂ ಹೇರಬೇಡಿ. ಈ ಚಿತ್ರವನ್ನು ಬೇರೆ ಗುಂಪಿಗೆ ಕಳುಹಿಸಿದ್ದೀರಾ?

ಬದಿಯಡ್ಕ ಭಾವ: ತೋಟದವರ ಗುಂಪಿಗೆ ಹಾಕಿದ್ದೇನೆ.

ಕುಂಬಳೆ ಅಕ್ಕ: ಹಾಗಾದರೆ ನಾನು ಅತ್ತೆಗೆ ಬರೆದದ್ದನ್ನೂ ಇಂದೇ ಅಲ್ಲಿಗೆ ಹಾಕಿ, ಭಾವ.