ವೈಫೈ ಪ್ರಿಂಟರ್ ಪ್ರಶ್ನೋತ್ತರ: ಜೆರಾಕ್ಸ್, ಡಿಟಿಪಿ ಅಂಗಡಿಯವರ ಗುಂಪಿನಿಂದ

ಟೆಕ್ನಿಶಿಯನ್, ಶಿವಮೊಗ್ಗ: ಎಲ್ಲರಿಗೂ ನಮಸ್ಕಾರ. ಪ್ರಿಂಟರ್ ರಿಪೇರಿ, ಆಫೀಸ್ ನೆಟ್‌ವರ್ಕ್ ನನ್ನ ಕೆಲಸ. ಗುಂಪಿನವರು ಕೇಳಿದ್ದಕ್ಕೆ ಇವತ್ತು ಬೆಳಿಗ್ಗೆ ಹತ್ತರಿಂದ ಹನ್ನೆರಡರ ತನಕ ಕೂತಿರ್ತೀನಿ. ವೈಫೈ ಪ್ರಿಂಟರ್ ಬಗ್ಗೆ ಮಾತ್ರ ಕೇಳಿ. ಕೇಳುವಾಗ ಮೂರು ವಿಷಯ ಹೇಳಿ: ಪ್ರಿಂಟರಿನ ವೈಫೈ ಲೈಟು ಮಿನುಗ್ತಿದೆಯಾ, ನಿಂತು ಉರೀತಿದೆಯಾ? ರೂಟರ್ ಒಂದಾ, ಎರಡಾ? ಹಿಂದೆ ಯಾವತ್ತಾದ್ರೂ ಪ್ರಿಂಟ್ ಬಂದಿತ್ತಾ?

ಜೆರಾಕ್ಸ್ ಅಂಗಡಿ, ಸಾಗರ: ಅಕ್ಕಾ, ಹೊಸ ಇಂಕ್ ಟ್ಯಾಂಕ್ ಪ್ರಿಂಟರ್. ಫೋನಿಗೆ ವೈಫೈ ಚೆನ್ನಾಗೇ ಬರ್ತಿದೆ, ಪ್ರಿಂಟರಿಗೆ ಮಾತ್ರ ನಮ್ಮ ವೈಫೈ ಹೆಸರೇ ಕಾಣಲ್ಲ. ಲೈಟು ಮಿನುಗ್ತಾನೇ ಇದೆ. ರೂಟರ್ ಒಂದೇ.

ಟೆಕ್ನಿಶಿಯನ್: ಈಗಿನ ರೂಟರುಗಳು ಸಾಮಾನ್ಯವಾಗಿ 2.4, 5 ಗಿಗಾಹರ್ಟ್ಸ್ ಅಂತ ಎರಡು ಬಗೆಯ ವೈಫೈ ಸಿಗ್ನಲ್ ಬಿಡ್ತವೆ. ನಿಮ್ಮ ಫೋನು 5 ಹಿಡಿದುಕೊಂಡಿರಬೇಕು. ಕಡಿಮೆ ಬೆಲೆಯ ಪ್ರಿಂಟರುಗಳಲ್ಲಿ ಬಹಳಷ್ಟು 2.4 ಬಿಟ್ಟು ಬೇರೆ ಹಿಡಿಯಲ್ಲ. ರೂಟರ್ ಸೆಟಿಂಗಿಗೆ ಹೋಗಿ, 2.4 ಆನ್ ಇದೆಯಾ ನೋಡಿ, ಎರಡಕ್ಕೂ ಬೇರೆ ಬೇರೆ ಹೆಸರು ಇಡಿ. ಪ್ರಿಂಟರಿಗೆ 2.4ರ ಹೆಸರು ಕೊಡಿ. ಸೆಕ್ಯುರಿಟಿ ಬರೀ ಡಬ್ಲ್ಯೂಪಿಎ3 ಅಂತಿದ್ರೆ ಡಬ್ಲ್ಯೂಪಿಎ2ಗೆ ಬದಲಾಯಿಸಿ. ಮೊದಲ ಸಲ ಸೇರಿಸುವಾಗ ಪ್ರಿಂಟರನ್ನ ರೂಟರ್ ಇರೋ ಕೋಣೆಗೇ ತಗೊಂಡು ಹೋಗಿ. ಹಳೇ ಮನೆಯ ದಪ್ಪ ಗೋಡೆ, ಕಬ್ಬಿಣದ ಬೀರು ಮಧ್ಯೆ ಇದ್ರೆ ಸಿಗ್ನಲ್ ಸೋಲುತ್ತೆ.

ಜೆರಾಕ್ಸ್ ಅಂಗಡಿ, ಸಾಗರ: ಹೆಸರು ಬೇರೆ ಮಾಡಿದೆ. ಹಿಡೀತು ಅಕ್ಕಾ!

ಶಾಲಾ ಶಿಕ್ಷಕ, ಹೊಸನಗರ: ಮೇಡಂ, ನಮ್ಮಲ್ಲಿ ಕರೆಂಟ್ ದಿನಕ್ಕೆ ನಾಲ್ಕು ಸಲ ಹೋಗುತ್ತೆ. ಬಂದ ಮೇಲೆ ಪ್ರಿಂಟರ್ ‘ಆಫ್‌ಲೈನ್’ ಅಂತ ತೋರಿಸುತ್ತೆ. ಪ್ರತಿ ಸಲ ತೆಗೆದು ಮತ್ತೆ ಸೇರಿಸಬೇಕು. ಪ್ರಶ್ನೆಪತ್ರಿಕೆ ತೆಗೆಯುವ ದಿನ ಕೈಕಾಲೇ ಆಡಲ್ಲ.

ಟೆಕ್ನಿಶಿಯನ್: ಮೇಷ್ಟ್ರೇ, ಪ್ರಿಂಟರ್ ಕೆಟ್ಟಿಲ್ಲ, ಅದರ ನಂಬರ್ ಬದಲಾಗಿದೆ. ರೂಟರು ತನ್ನ ಬಳಿ ಬಂದ ಪ್ರತಿ ಯಂತ್ರಕ್ಕೂ ಒಂದು ಐಪಿ ನಂಬರ್ ಕೊಡುತ್ತೆ. ಕರೆಂಟ್ ಬಂದಾಗ ಯಾರು ಮೊದಲು ಎದ್ದು ಕೇಳ್ತಾರೋ ಅವರಿಗೆ ಕೊಟ್ಟುಬಿಡಬಹುದು. ನಿನ್ನೆ ಪ್ರಿಂಟರಿಗಿದ್ದ ನಂಬರ್ ಇವತ್ತು ನಿಮ್ಮ ಮನೆಯವರ ಫೋನಿಗಿರುತ್ತೆ. ಕಂಪ್ಯೂಟರ್ ಮಾತ್ರ ಹಳೇ ನಂಬರಿನ ಬಾಗಿಲನ್ನೇ ತಟ್ತಾ ಇರುತ್ತೆ. ರೂಟರಿನಲ್ಲಿ ‘ಅಡ್ರೆಸ್ ರಿಸರ್ವೇಶನ್’ ಅಂತ ಇದೆ. ಪ್ರಿಂಟರಿನ ನೆಟ್‌ವರ್ಕ್ ಹಾಳೆ ಪ್ರಿಂಟ್ ಹಾಕಿದ್ರೆ ಮ್ಯಾಕ್ ಅಡ್ರೆಸ್ ಅಂತ ಹನ್ನೆರಡು ಅಕ್ಷರ ಸಿಗುತ್ತೆ. ಅದನ್ನ ಅಲ್ಲಿ ಬರೆದು ಒಂದು ನಂಬರ್ ಕಾಯಂ ಮಾಡಿ. ಆಮೇಲೆ ಕಂಪ್ಯೂಟರಿನಲ್ಲಿ ಪ್ರಿಂಟರ್ ಪ್ರಾಪರ್ಟೀಸ್, ಪೋರ್ಟ್ಸ್‌ಗೆ ಹೋಗಿ ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಸೇರಿಸಿ ಅದೇ ನಂಬರ್ ಕೊಡಿ. ಅಲ್ಲಿ ‘ಡಬ್ಲ್ಯೂಎಸ್‌ಡಿ’ ಅಂತ ಪೋರ್ಟ್ ಇದ್ರೆ, ಅದು ವಿಂಡೋಸ್ ತಾನಾಗೇ ಹುಡುಕಿ ಹಾಕಿಕೊಂಡಿದ್ದು, ಅದನ್ನ ನಂಬಬೇಡಿ. ಇನ್ನೂ ಆಫ್‌ಲೈನ್ ಅಂದ್ರೆ, ಆ ಪೋರ್ಟಿನ ಸೆಟಿಂಗಿನಲ್ಲಿ ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಟಿಕ್ ತೆಗೀರಿ. ಒಂದು ಸಲ ಮಾಡಿ, ವರ್ಷಗಟ್ಟಲೆ ತೊಂದರೆ ಇರಲ್ಲ.

ಡಿಟಿಪಿ ಸೆಂಟರ್, ಧಾರವಾಡ: ಮೇಡಂ, ನಮ್ದೂ ಆಫ್‌ಲೈನ್ ಅಂತ ತೋರಸ್ತೈತ್ರಿ. ಏನ್ ಮಾಡೂದ್ರಿ?

ಟೆಕ್ನಿಶಿಯನ್: ಹೊಸನಗರದ ಮೇಷ್ಟ್ರಿಗೆ ಬರೆದಿದ್ದು ಓದಿ ಸರ್.

ಜೆರಾಕ್ಸ್ ಅಂಗಡಿ, ಕಡೂರು: ರೂಟರ್, ಪ್ರಿಂಟರ್ ಎರಡನ್ನೂ ಯುಪಿಎಸ್‌ಗೆ ಹಾಕಿದ್ರೆ ಆಗುತ್ತಲ್ಲ?

ಟೆಕ್ನಿಶಿಯನ್: ರೂಟರ್ ಹಾಕಿ. ಇಂಕ್ ಪ್ರಿಂಟರ್ ಹಾಕಿ. ಲೇಸರ್ ಮಾತ್ರ ಚಿಕ್ಕ ಯುಪಿಎಸ್‌ಗೆ ಹಾಕಬೇಡಿ. ಒಳಗೆ ಪುಡಿ ಕರಗಿಸೋ ರೋಲರ್ ಕಾಯುವಾಗ ಒಮ್ಮೆಲೇ ಕರೆಂಟ್ ಎಳೆಯುತ್ತೆ, ಯುಪಿಎಸ್ ಬಿದ್ದುಹೋಗುತ್ತೆ.

ಸ್ಟೇಷನರಿ ಅಂಗಡಿ, ಭದ್ರಾವತಿ: ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕ್ತಿದ್ದೀನಿ. ಬೇರೆ ಗುಂಪಲ್ಲಿ ಬಂದಿದ್ದು: “ಪ್ರಿಂಟರ್ ಬರದಿದ್ದರೆ ಹೀಗೆ ಮಾಡಿ. 1) ಫೈರ್‌ವಾಲ್ ಪೂರ್ತಿ ಆಫ್ ಮಾಡಿ. 2) ಆಂಟಿವೈರಸ್ ತೆಗೆಯಿರಿ. 3) ಕೊನೆಗೆ 11ಬಿ ಇರುವ ಎರರ್ ಬಂದರೆ ಈ ರಿಜಿಸ್ಟ್ರಿ ಫೈಲ್ ಡಬಲ್ ಕ್ಲಿಕ್ ಮಾಡಿ. ನೂರಕ್ಕೆ ನೂರು ಗ್ಯಾರಂಟಿ. ಹತ್ತು ಜನಕ್ಕೆ ಕಳಿಸಿ.”

ಟೆಕ್ನಿಶಿಯನ್: ದಯವಿಟ್ಟು ಯಾರೂ ಆ ಫೈಲ್ ಮುಟ್ಟಬೇಡಿ. ಹಾಕಿದವರು ಈಗಲೇ ಅಳಿಸಿ. 2021ರಲ್ಲಿ ವಿಂಡೋಸಿನಲ್ಲಿ ಪ್ರಿಂಟ್ ಕೆಲಸಗಳನ್ನ ಸಾಲಾಗಿ ನಡೆಸೋ ‘ಪ್ರಿಂಟ್ ಸ್ಪೂಲರ್’ ಭಾಗದಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಅನ್ನೋ ಭದ್ರತೆಯ ದೊಡ್ಡ ತೂತು ಸಿಕ್ಕಿತ್ತು. ಮೈಕ್ರೋಸಾಫ್ಟ್ ಜುಲೈನಲ್ಲಿ ತುರ್ತು ಅಪ್‌ಡೇಟ್ ಬಿಡಬೇಕಾಯ್ತು. ಪ್ರಿಂಟಿಂಗನ್ನ ಭದ್ರ ಮಾಡೋ ಕೆಲಸ ಮುಂದುವರಿದು ಸೆಪ್ಟೆಂಬರ್ ಅಪ್‌ಡೇಟ್ ಬಂದ ಮೇಲೆ, ಒಂದು ಕಂಪ್ಯೂಟರಿನಿಂದ ಶೇರ್ ಮಾಡಿದ ಪ್ರಿಂಟರುಗಳಿಗೆ ಈ 11ಬಿ ಎರರ್ ಶುರುವಾಯ್ತು. ಆ ರಿಜಿಸ್ಟ್ರಿ ಫೈಲು ವಿಂಡೋಸಿನ ಒಳಗಿನ ಸೆಟಿಂಗನ್ನೇ ಬದಲಿಸುತ್ತೆ. ಎರರನ್ನ ಸರಿ ಮಾಡಲ್ಲ, ಹಾಕಿದ್ದ ಬೀಗವನ್ನೇ ತೆಗೆಯುತ್ತೆ. ಪ್ರಿಂಟ್ ಬರುತ್ತೆ, ಬಾಗಿಲೂ ತೆಗೆದೇ ಇರುತ್ತೆ. ನಿಮ್ಮ ಪ್ರಿಂಟರಿಗೆ ವೈಫೈ ಇದೆಯಲ್ಲ, ಇನ್ನೊಂದು ಕಂಪ್ಯೂಟರಿನಿಂದ ಶೇರ್ ಯಾಕೆ ಮಾಡ್ತೀರಿ? ಪ್ರತಿ ಕಂಪ್ಯೂಟರಿನಲ್ಲೂ ನೇರವಾಗಿ ಐಪಿ ನಂಬರ್ ಕೊಟ್ಟು ಸೇರಿಸಿ. ಆ ಎರರ್ ಬರೋ ದಾರಿಯೇ ಇರಲ್ಲ.

ಸ್ಟೇಷನರಿ ಅಂಗಡಿ, ಭದ್ರಾವತಿ: ನಮ್ಮಲ್ಲಿ ಅದರಿಂದಲೇ ಸರಿ ಹೋಯ್ತು ಮೇಡಂ. ಆರು ತಿಂಗಳಾಯ್ತು, ಏನೂ ಆಗಿಲ್ಲ.

ಟೆಕ್ನಿಶಿಯನ್: ಆಗೋ ತನಕ ಏನೂ ಆಗಿರಲ್ಲ ಸರ್. ನಿಮ್ಮ ಕಂಪ್ಯೂಟರಿನಲ್ಲಿ ಎಷ್ಟು ಜನರ ಆಧಾರ್, ಪಾಸ್‌ಬುಕ್ ಸ್ಕ್ಯಾನ್ ಇದೆ ಅಂತ ಒಂದು ಸಲ ಡೌನ್‌ಲೋಡ್ಸ್ ಫೋಲ್ಡರ್ ತೆಗೆದು ನೋಡಿ.

ಆಡಿಟರ್ ಕಚೇರಿ, ಶಿವಮೊಗ್ಗ: ಮೇಡಂ, ನಮ್ಮದು ವಿಚಿತ್ರ. ಎರಡು ಅಂತಸ್ತಿನ ಕಚೇರಿ, ಪ್ರಿಂಟರ್ ಮೇಲಿದೆ, ಲೈಟು ನಿಂತು ಉರೀತಿದೆ. ಮೇಲಿನ ಲ್ಯಾಪ್‌ಟಾಪುಗಳಿಂದ ಯಾವಾಗಲೂ ಬರುತ್ತೆ. ಕೆಳಗಿನವರಿಗೆ ಒಂದೊಂದು ದಿನ ಬರುತ್ತೆ, ಒಂದೊಂದು ದಿನ ಇಲ್ಲ. ನಮ್ಮ ಹುಡುಗ ಒಬ್ಬ ಮೆಟ್ಟಿಲ ಪಕ್ಕದ ಮೇಜಿಗೆ ಹೋಗಿ ಕೂತರೆ ಬರುತ್ತೆ ಅಂತಾನೆ. ಮೂರು ಜನ ಬಂದು ನೋಡಿದ್ರು, ಮೂವರೂ ಡ್ರೈವರ್, ಅಂದ್ರೆ ಪ್ರಿಂಟರ್ ನಡೆಸೋ ಸಾಫ್ಟ್‌ವೇರ್, ತೆಗೆದು ಮತ್ತೆ ಹಾಕಿ ಹೋದ್ರು.

ಟೆಕ್ನಿಶಿಯನ್: ನಿಮ್ಮ ಹುಡುಗ ಸರಿಯಾಗಿ ಗಮನಿಸಿದ್ದಾನೆ. ಮೇಲೆ ಒಂದು, ಕೆಳಗೆ ಒಂದು ರೂಟರ್ ಇದೆಯಾ? ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟಿದ್ದೀರಾ? ಪ್ರಿಂಟರಿನ ನೆಟ್‌ವರ್ಕ್ ಹಾಳೆಯಲ್ಲಿ ಐಪಿ ಏನಿದೆ? ಕೆಳಗಿನ ಲ್ಯಾಪ್‌ಟಾಪಿನ ಐಪಿ ಏನು?

ಆಡಿಟರ್ ಕಚೇರಿ: ಹೌದು ಎರಡಿವೆ, ಹೆಸರು ಒಂದೇ. ಪ್ರಿಂಟರ್ 192.168.0.104. ಕೆಳಗಿನ ಲ್ಯಾಪ್‌ಟಾಪ್ 192.168.1.23.

ಟೆಕ್ನಿಶಿಯನ್: ಸಿಕ್ಕಿತು. ಮೂರನೇ ಅಂಕಿ ನೋಡಿ, ಒಂದರಲ್ಲಿ 0, ಇನ್ನೊಂದರಲ್ಲಿ 1. ನಿಮ್ಮ ಕಚೇರಿಯಲ್ಲಿ ಇರೋದು ಒಂದು ನೆಟ್‌ವರ್ಕ್ ಅಲ್ಲ, ಎರಡು. ಕೆಳಗೆ ಫೈಬರ್ ಕಂಪನಿ ಕೊಟ್ಟ ಡಬ್ಬಿ ತನ್ನ ನಂಬರ್ ಹಂಚ್ತಿದೆ. ಅಲ್ಲಿಂದ ವೈರ್ ಎಳೆದು ಮೇಲಿನ ರೂಟರಿನ ವ್ಯಾನ್ ತೂತಿಗೆ, ಅಂದ್ರೆ ಹೊರಗಿನ ಇಂಟರ್ನೆಟ್ ಒಳಬರೋ ಜಾಗಕ್ಕೆ, ಚುಚ್ಚಿದ್ದಾರೆ. ಸಾಮಾನ್ಯವಾಗಿ ಅದು ಬೇರೆ ಬಣ್ಣದಲ್ಲಿರುತ್ತೆ. ಹಾಗೆ ಚುಚ್ಚಿದಾಗ ಮೇಲಿನ ರೂಟರ್ ತನ್ನದೇ ಬೇರೆ ಮನೆ ಮಾಡಿಕೊಂಡು ಬೇರೆ ನಂಬರ್ ಹಂಚುತ್ತೆ. ಮೇಲಿನವರು ಕೆಳಗಿನದನ್ನ ದಾಟಿ ಇಂಟರ್ನೆಟ್ಟಿಗೆ ಹೋಗ್ತಾರೆ, ಕೆಳಗಿನವರು ಮೇಲಿನ ಮನೆಯೊಳಗೆ ಬರೋಕೆ ಆಗಲ್ಲ. ಇಂಟರ್ನೆಟ್ ಎರಡೂ ಕಡೆ ಬರೋದ್ರಿಂದ ಯಾರಿಗೂ ಅನುಮಾನ ಬಂದಿಲ್ಲ. ಹೆಸರು ಒಂದೇ ಆದ್ದರಿಂದ ಮೆಟ್ಟಿಲ ಪಕ್ಕ ಕೂತಾಗ ಲ್ಯಾಪ್‌ಟಾಪ್ ಸದ್ದಿಲ್ಲದೆ ಮೇಲಿನ ರೂಟರಿಗೆ ಜಿಗಿಯುತ್ತೆ, ಪ್ರಿಂಟ್ ಬರುತ್ತೆ. ಡ್ರೈವರಿಗೂ ಇದಕ್ಕೂ ಸಂಬಂಧವೇ ಇಲ್ಲ.

ಮೇಲಿನ ರೂಟರ್ ಸೆಟಿಂಗಿನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಇದ್ರೆ ಅದನ್ನ ಆರಿಸಿ. ಆಗ ಅದು ತಾನು ನಂಬರ್ ಹಂಚೋದು ಬಿಟ್ಟು ಬರೀ ವೈಫೈ ಕೊಡುತ್ತೆ, ಮುಗೀತು. ಇಲ್ಲದಿದ್ರೆ ಮೊದಲು ಅದರ ಸ್ವಂತ ನಂಬರನ್ನ 192.168.1.2 ಮಾಡಿ. ಆ ನಂಬರ್ ಬೇರೆ ಯಾರಿಗೂ ಹೋಗದಂತೆ ಕೆಳಗಿನ ಡಬ್ಬಿ ಹಂಚುವ ಸಾಲು 10ರಿಂದ ಶುರುವಾಗ್ಲಿ. ಆಮೇಲೆ ಮೇಲಿನದರಲ್ಲಿ ನಂಬರ್ ಹಂಚೋ ಡಿಎಚ್‌ಸಿಪಿ ಆಫ್ ಮಾಡಿ. ಕೊನೆಗೆ ವೈರನ್ನ ವ್ಯಾನ್ ತೂತಿನಿಂದ ಕಿತ್ತು ಪಕ್ಕದ ಲ್ಯಾನ್ ತೂತಿಗೆ ಹಾಕಿ. ಈ ಕ್ರಮ ತಪ್ಪಬೇಡಿ. ಡಿಎಚ್‌ಸಿಪಿ ಇದ್ದಂತೆಯೇ ವೈರ್ ಬದಲಿಸಿದ್ರೆ ಇಬ್ಬರೂ ನಂಬರ್ ಹಂಚೋಕೆ ಶುರು ಮಾಡಿ ಕಚೇರಿ ಪೂರ್ತಿ ನಿಂತುಹೋಗುತ್ತೆ. ನಂತರ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ, 1ರ ಸಾಲಿನ ಹೊಸ ನಂಬರ್ ಬರುತ್ತೆ. ಅದನ್ನ ಕೆಳಗಿನ ಡಬ್ಬಿಯಲ್ಲಿ ಕಾಯಂ ಮಾಡಿ, ಎಲ್ಲಾ ಲ್ಯಾಪ್‌ಟಾಪಿನಲ್ಲೂ ಹೊಸ ನಂಬರ್ ಕೊಡಿ. ಮಾಡಿ ನನಗೆ ಹೇಳಿ, ನನಗೂ ತಿಳ್ಕೋಬೇಕು.

ವಿದ್ಯಾರ್ಥಿ, ಬೆಂಗಳೂರು: ಪಿಜಿ ವೈಫೈಗೆ ಪ್ರಿಂಟರ್ ಸೇರ್ತಿಲ್ಲ ಅಕ್ಕ. ಫೋನಲ್ಲಾದ್ರೆ ಲಾಗಿನ್ ಪುಟ ಬರುತ್ತೆ.

ಟೆಕ್ನಿಶಿಯನ್: ಲಾಗಿನ್ ಪುಟ ಕೇಳೋ ವೈಫೈಗೆ ಪ್ರಿಂಟರ್ ಸೇರಲ್ಲ ತಮ್ಮ. ವೈಫೈ ಡೈರೆಕ್ಟ್ ಬಳಸು, ಅಂದ್ರೆ ರೂಟರ್ ಇಲ್ಲದೆ ಫೋನನ್ನ ನೇರ ಪ್ರಿಂಟರಿಗೇ ಸೇರಿಸೋದು. ಅದರ ಪಾಸ್‌ವರ್ಡ್ ಬದಲಾಯಿಸಿಕೋ. ಇಲ್ಲಾ ಯುಎಸ್‌ಬಿ ವೈರ್.

ಫೋಟೊ ಸ್ಟುಡಿಯೊ, ಮಂಗಳೂರು: ಇಂಕ್ ಪ್ಯಾಡ್ ತುಂಬಿದೆ ಅಂತ ಬರ್ತದೆ ಮಾರಾಯ್ರೆ, ಅದನ್ನು ನಾವೇ ಬದಲಾಯಿಸ್ಲಿಕ್ಕೆ ಆಗ್ತದಾ?

ಮುದ್ರಣಾಲಯ, ಚಿತ್ರದುರ್ಗ: ನಮ್ಮ ವೈಫೈ ಹೆಸರು ಕನ್ನಡದಲ್ಲಿದೆ. ಪ್ರಿಂಟರ್ ಪರದೆಯಲ್ಲಿ ಬರೀ ಚೌಕ ಚೌಕ ಕಾಣುತ್ತೆ, ಆರಿಸಿದ್ರೂ ಸೇರಲ್ಲ.

ಟೆಕ್ನಿಶಿಯನ್: 2.4ರ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಇಡಿ, ಸೇರುತ್ತೆ.

ಮುದ್ರಣಾಲಯ, ಚಿತ್ರದುರ್ಗ: ಯಾಕೆ ಇಡಬೇಕು? ಕರ್ನಾಟಕದಲ್ಲಿ ಕನ್ನಡದ ಹೆಸರು ಇಡೋಕೂ ಪ್ರಿಂಟರಿನ ಅಪ್ಪಣೆ ಬೇಕಾ?

ಡಿಟಿಪಿ ಸೆಂಟರ್, ಧಾರವಾಡ: ಸರಿಯಾಗಿ ಕೇಳಿದ್ರಿ. ಮಷಿನ್ ಮಾರೂ ಮುಂದ ಕನ್ನಡ ಬೇಕು, ಒಳಗ ಬ್ಯಾಡಾ?

ಸ್ಟೇಷನರಿ ಅಂಗಡಿ, ಭದ್ರಾವತಿ: ಮೇಡಂ ಕೆಲಸ ಆಗೋ ದಾರಿ ಹೇಳಿದ್ರು. ಅದಕ್ಕೂ ಭಾಷಾಭಿಮಾನಕ್ಕೂ ಏನ್ ಸಂಬಂಧ?

ಮುದ್ರಣಾಲಯ, ಚಿತ್ರದುರ್ಗ: ನೀವು ಫಾರ್ವರ್ಡ್ ಹಾಕ್ತಾ ಇರಿ ಸ್ವಾಮಿ.

ಸ್ಟೇಷನರಿ ಅಂಗಡಿ, ಭದ್ರಾವತಿ: ಮಾತು ನೋಡಿಕೊಂಡು ಆಡಿ. ನಾನೂ ಇಪ್ಪತ್ತು ವರ್ಷ ಅಂಗಡಿ ನಡೆಸಿದ್ದೀನಿ.

ಟೆಕ್ನಿಶಿಯನ್: ಇಬ್ಬರೂ ನಿಲ್ಲಿಸಿ. ನಾನು ಬಿಲ್ಲು ಬರೆಯೋದೂ ಕನ್ನಡದಲ್ಲೇ. ವೈಫೈ ಹೆಸರಿಗೆ ಇರೋ ಜಾಗ 32 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ, ಒತ್ತಕ್ಷರದ ಮಧ್ಯದ ಹಲಂತಕ್ಕೂ ಮೂರು ಮೂರು. ‘ನಮ್ಮ ಅಂಗಡಿ’ 28 ಬೈಟ್, ಹಿಡಿಸುತ್ತೆ. ‘ಶ್ರೀ ಮಂಜುನಾಥ’ 34, ಹಿಡಿಸಲ್ಲ. ಹಿಡಿಸಿದ್ರೂ ಪ್ರಿಂಟರಿನೊಳಗೆ ಕನ್ನಡ ಫಾಂಟ್ ಇಲ್ಲದಿದ್ರೆ ಚೌಕವೇ ಕಾಣೋದು. ಇದು ಕಂಪನಿಗಳ ತಪ್ಪು, ಅವರಿಗೆ ಬರೆಯಿರಿ, ನಾನೂ ಸಹಿ ಹಾಕ್ತೀನಿ. ನಾಳೆ ಗಿರಾಕಿಗೆ ಪ್ರಿಂಟ್ ಕೊಡಬೇಕಾದವರು ನೀವು, ಅದಕ್ಕೆ ಹೇಳಿದ್ದು.

ಜೆರಾಕ್ಸ್ ಅಂಗಡಿ, ಸಾಗರ: ಅಣ್ಣಾ, ನಾನು ಹೀಗೆ ಮಾಡ್ದೆ: ಫೋನುಗಳು ಹಿಡಿಯೋ 5ರ ಹೆಸರು ಕನ್ನಡದಲ್ಲಿ, ಪ್ರಿಂಟರಿನ 2.4 ಇಂಗ್ಲಿಷಲ್ಲಿ. ರೂಟರ್ ಒಂದೇ ಆದ್ದರಿಂದ ಪ್ರಿಂಟ್ ಬರ್ತಿದೆ.

ಮುದ್ರಣಾಲಯ, ಚಿತ್ರದುರ್ಗ: ಆಗಲಿ ನೋಡ್ತೀನಿ.

ಜೆರಾಕ್ಸ್ ಅಂಗಡಿ, ತರೀಕೆರೆ: ಮೇಡಂ ಆಫ್‌ಲೈನ್ ಅಂತ ಬರ್ತಿದೆ.

ಟೆಕ್ನಿಶಿಯನ್: ಮೇಲೆ ಓದಿ.

ಸೈಬರ್ ಸೆಂಟರ್, ದಾವಣಗೆರೆ: ಮೇಡಂ, ನಿನ್ನೆ ಸಂಜೆ ಹೊಸ ಪ್ರಿಂಟರ್ ಸೇರಲಿಲ್ಲ ಅಂತ ನೆಟ್ಟಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಮಾಡಿದೆ. ಪರದೆ ನೋಡೋ ಒಂದು ಆಪ್ ಹಾಕಿಸಿದ್ರು. ಡ್ರೈವರಿನ ಅವಧಿ ಮುಗಿದಿದೆ ಅಂತ 2,499 ರೂಪಾಯಿ ಕಟ್ಟಿಸಿಕೊಂಡ್ರು. ಇನ್ನೂ ಪ್ರಿಂಟ್ ಬಂದಿಲ್ಲ. ಇವತ್ತು ಮತ್ತೆ ಮಾಡ್ತೀವಿ, ಕಂಪ್ಯೂಟರ್ ಆಫ್ ಮಾಡಬೇಡಿ ಅಂದಿದ್ದಾರೆ. ಪ್ರಿಂಟರ್ ಸೇರಿಸೋದು ಹೇಗೆ?

ಟೆಕ್ನಿಶಿಯನ್: ಪ್ರಿಂಟರ್ ಆಮೇಲೆ. ಈಗಲೇ ಎದ್ದು ಹೋಗಿ ಆ ಕಂಪ್ಯೂಟರಿನ ಇಂಟರ್ನೆಟ್ ವೈರ್ ಕೀಳಿ, ವೈಫೈ ಆಫ್ ಮಾಡಿ. ಡ್ರೈವರಿಗೆ ಅವಧಿ ಅಂತ ಇಲ್ಲ. ಪ್ರಿಂಟರ್ ಕಂಪನಿಗಳು ಡ್ರೈವರನ್ನ ತಮ್ಮ ಸೈಟಿನಲ್ಲಿ ಪುಕ್ಕಟೆ ಕೊಡ್ತಾರೆ. ಅವರು ಕಂಪನಿಯವರಲ್ಲ, ಮೋಸಗಾರರು. ಬೇರೆ ಫೋನಿನಿಂದ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯೋ ಸಾಧ್ಯತೆ ಹೆಚ್ಚು. ಬ್ಯಾಂಕಿಗೂ ಹೇಳಿ. ಬ್ಯಾಂಕ್, ಮೇಲ್, ಅರ್ಜಿ ಹಾಕುವ ಸರ್ಕಾರಿ ಪೋರ್ಟಲ್‌ಗಳ ಪಾಸ್‌ವರ್ಡ್ ಎಲ್ಲಾ ಬದಲಾಯಿಸಿ, ಆ ಕಂಪ್ಯೂಟರಿನಿಂದ ಮಾತ್ರ ಬೇಡ. ನೀವು ಕರೆ ಮಾಡಿದ ನಂಬರ್, ದುಡ್ಡು ಹೋದ ವಿವರ, ಪರದೆಯ ಫೋಟೊ ಇಟ್ಟುಕೊಳ್ಳಿ. ಬೇರೆಯವರೂ ಕೇಳಿ: ಸಹಾಯವಾಣಿ ನಂಬರನ್ನ ಡಬ್ಬದ ಮೇಲಿಂದ, ಪುಸ್ತಕದಿಂದ ತಗೊಳ್ಳಿ. ಹುಡುಕಿದಾಗ ಮೇಲೆ ಬರೋ ನಂಬರಿಗೆ ಕರೆ ಮಾಡಬೇಡಿ.

ಸ್ಟೇಷನರಿ ಅಂಗಡಿ, ಭದ್ರಾವತಿ: ಅಷ್ಟೊಂದು ಹೆದರಿಸಬೇಡಿ ಮೇಡಂ ಪಾಪ. ಆಪ್ ಅನ್‌ಇನ್‌ಸ್ಟಾಲ್ ಮಾಡಿದ್ರೆ ಸಾಕಲ್ಲ?

ಟೆಕ್ನಿಶಿಯನ್: ಸಾಲದು. ಒಳಗೆ ಬಂದವರು ಇನ್ನೇನು ಇಟ್ಟು ಹೋಗಿದ್ದಾರೆ ಅಂತ ನಿಮಗೆ ಗೊತ್ತಾ? ಗೊತ್ತಿಲ್ಲದಿದ್ರೆ ಈ ವಿಷಯದಲ್ಲಿ ಸುಮ್ಮನಿರಿ.

ಜೆರಾಕ್ಸ್ ಅಂಗಡಿ, ಕಡೂರು: ವೈಫೈ ಪ್ರಿಂಟರಲ್ಲಿ ಫೋನಿಂದ ಎರಡೂ ಬದಿ ಪ್ರಿಂಟ್ ಹೇಗೆ?

ಟೆಕ್ನಿಶಿಯನ್: ದಾವಣಗೆರೆಯವರೇ, ವೈರ್ ಕಿತ್ತಿರಾ?

ಆಡಿಟರ್ ಕಚೇರಿ, ಶಿವಮೊಗ್ಗ: ಮೇಡಂ, ಆಕ್ಸೆಸ್ ಪಾಯಿಂಟ್ ಮೋಡ್ ಇತ್ತು, ಹಾಕಿದ್ವಿ. ಪ್ರಿಂಟರಿಗೆ 192.168.1.50 ಕಾಯಂ ಮಾಡಿದ್ವಿ. ಕೆಳಗಿನ ಐದೂ ಲ್ಯಾಪ್‌ಟಾಪಿಂದ ಬಂತು. ಹುಡುಗ ಮೆಟ್ಟಿಲ ಪಕ್ಕದ ಮೇಜು ಬಿಟ್ಟು ತನ್ನ ಜಾಗಕ್ಕೆ ಹೋದ.

ಟೆಕ್ನಿಶಿಯನ್: ಬಹಳ ಸಂತೋಷ ಸರ್. ದಾವಣಗೆರೆಯವರೇ, ಇದ್ದೀರಾ?

ಜೆರಾಕ್ಸ್ ಅಂಗಡಿ, ತರೀಕೆರೆ: ಮೇಡಂ ಆಫ್‌ಲೈನ್ ಬಗ್ಗೆ ಏನೂ ಹೇಳಲಿಲ್ಲ.

ಡಿಟಿಪಿ ಸೆಂಟರ್, ಧಾರವಾಡ: ಮ್ಯಾಲೆ ಬರ್ದಾರಲ್ರೀ, ಓದೂದು ಬಿಟ್ಟು!

ಸೈಬರ್ ಸೆಂಟರ್, ದಾವಣಗೆರೆ: ಕಿತ್ತೆ ಮೇಡಂ. ವೈರ್ ಕೀಳೋಕೆ ಹೋದಾಗ ಪರದೆ ಮೇಲೆ ಬಾಣ ತಾನಾಗೇ ಓಡಾಡ್ತಿತ್ತು. ಕೈ ನಡುಗ್ತಿದೆ. 1930ಕ್ಕೆ ಮಾತಾಡ್ತಿದ್ದೀನಿ, ದೂರಿನ ನಂಬರ್ ಕೊಡ್ತಿದ್ದಾರೆ.

ಟೆಕ್ನಿಶಿಯನ್: ಬರೆದುಕೊಳ್ಳಿ. ಆ ಕಂಪ್ಯೂಟರ್ ಬಳಸಬೇಡಿ, ನೆಟ್ಟಿಗೂ ಸೇರಿಸಬೇಡಿ. ನನಗೆ ಬೇರೆ ಮೆಸೇಜ್ ಹಾಕಿ, ಮಧ್ಯಾಹ್ನ ಫೋನಲ್ಲಿ ಕೂತು ಮುಂದಿನದು ಮಾಡೋಣ. ಉಳಿದವರು ಕ್ಷಮಿಸಿ, ನಾನು ಇಲ್ಲಿಗೆ ನಿಲ್ಲಿಸ್ತೀನಿ.

ಫೋಟೊ ಸ್ಟುಡಿಯೊ, ಮಂಗಳೂರು: ಮೇಡಂ, ನನ್ನ ಇಂಕ್ ಪ್ಯಾಡ್?