‘ರೆಬೆಕ್ಕಾ’ ಕಾದಂಬರಿಯ ಮನೆ ನಿಜವಾಗಿಯೂ ಇತ್ತೇ?

ಪ್ರಶ್ನೆ: ಡ್ಯಾಫ್ನೆ ಡು ಮೊರಿಯೇ ಅವರ ‘ರೆಬೆಕ್ಕಾ’ (1938) ಈಗಷ್ಟೇ ಓದಿ ಮುಗಿಸಿದೆ. ಪ್ರೇಮಕ್ಕೂ ಭಯಕ್ಕೂ ಒಂದೇ ಸೂರಾದ ಆ ಮ್ಯಾಂಡರ್ಲಿ ಬಂಗಲೆಯನ್ನು ಲೇಖಕಿ ಎಲ್ಲಿ ಕಂಡಿದ್ದರು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿರುವ ಮೆನಬಿಲಿ ಎಂಬ ಮನೆಯೇ ಅದಕ್ಕೆ ಮುಖ್ಯ ಪ್ರೇರಣೆ. ಗೋಡೆಗಳಿಗೆಲ್ಲ ಬಳ್ಳಿ ಹಬ್ಬಿ ಪಾಳುಬಿದ್ದಿದ್ದ ಅದನ್ನು ಯೌವನದಲ್ಲೇ ಕಂಡು ಮರುಳಾಗಿದ್ದ ಲೇಖಕಿ, ಕಾದಂಬರಿ ಬಂದು ಐದು ವರ್ಷಗಳಾದ ಮೇಲೆ, 1943ರಲ್ಲಿ, ಗುತ್ತಿಗೆಗೆ ಪಡೆದು ಸುಮಾರು ಇಪ್ಪತ್ತೈದು ವರ್ಷ ಅಲ್ಲೇ ವಾಸಿಸಿದರು. ಸ್ವಂತದ್ದಲ್ಲದ ಮನೆಯ ಮೇಲೆ ಇಷ್ಟೊಂದು ಮೋಹವೇ ಎಂದು ನನಗಂತೂ ಅಚ್ಚರಿ.

ಉತ್ತರ 2: ಆದರೆ ಬರವಣಿಗೆ ಆರಂಭವಾದದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ, ಸೇನಾಧಿಕಾರಿಯಾಗಿದ್ದ ಪತಿಯೊಂದಿಗೆ ಅವರು ಅಲ್ಲಿದ್ದಾಗ. ಸುಡುಬಿಸಿಲಿನ ನಡುವೆ ಕಾರ್ನ್‌ವಾಲ್‌ನ ಮಂಜಿಗೂ ಕಡಲಿಗೂ ಹಂಬಲಿಸಿದ್ದು ಪುಟಪುಟದಲ್ಲೂ ಕಾಣುತ್ತದೆ. ಪತಿಗೆ ಹಿಂದೊಮ್ಮೆ ನಿಶ್ಚಯವಾಗಿದ್ದ ಯುವತಿಯ ಬಗೆಗಿನ ಹೊಟ್ಟೆಕಿಚ್ಚೂ ಕಥೆಗೆ ಬೀಜವಾಯಿತು.

ಉತ್ತರ 3: ಮೆನಬಿಲಿಯಲ್ಲಿ ಕೋಣೆಗಳಿಗೇನೂ ಕೊರತೆಯಿರಲಿಲ್ಲ, ಆದರೂ ಅವರು ತೋಟದ ಪುಟ್ಟ ಮರದ ಗುಡಿಸಲಿನಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಬರೆಯುತ್ತಿದ್ದರು.